ಶಿರಾ ಬೀದಿಗಿಳಿದ ಟೀವಿ ಮಂತ್ರಿ

ಗರ್ರ್... ಟಕ್.

ನಮ್ಮ ಟೀವಿಯ ಮರದ ಬಾಗಿಲು ಸರಿಯುತ್ತಿದ್ದ ಸದ್ದು ಅದು. ಎಂಬತ್ತರ ದಶಕದ ಟೀವಿಗಳು ಬೀರುವಿನ ಹಾಗೆ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದವು. ಬೀಗದ ಕೈ ನಮ್ಮ ಯಜಮಾನರ ಷರಟಿನ ಜೇಬಿನಲ್ಲಿ. ಭಾನುವಾರ ಬೆಳಿಗ್ಗೆ ಆ ಬಾಗಿಲು ಸರಿದದ್ದೇ ತಡ, ಶಿರಾದ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಾಗಿ ಕೈಕೆಲಸ ಬಿಟ್ಟು ಎದ್ದು ಬರುತ್ತಿದ್ದರು. ನಮಗೆ ಹಾಲು ಹಾಕುತ್ತಿದ್ದ ಅಜ್ಜಿಗೆ ಕಣ್ಣು ಮಂಜು. ಕಿವಿ ಮಾತ್ರ ಕುರಿ ಕಾದು ಪಳಗಿದ ಕಿವಿ. "ಬಾಗ್ಲು ತಗುದ್ರು ಕಣ್ರಮ್ಮ, ಏಳ್ರಿ" ಅನ್ನುವ ಮೊದಲ ಕೂಗು ಅವಳದೇ.

ಯಜಮಾನರು ದನದ ಡಾಕ್ಟರು. ಹುಲಿಕುಂಟೆ ಕಡೆಯಿಂದ ಕುರಿಮಂದೆಯವರು ಆಸ್ಪತ್ರೆಗೆ ಬಂದರೆ ಹಾಗೇ ಮನೆಗೂ ಬಂದು ಜಗುಲಿಯಲ್ಲಿ ಕೂತು ಹೋಗುವಷ್ಟು ಸಲಿಗೆ. ನಾನು ಗರ್ಲ್ಸ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರುಗಳು ಸಟೈರ್, ನಮ್ಮ ವಿಡಂಬನೆ, ಅಂದರೇನು ಅಂತ ಡೆಫಿನಿಷನ್ ಬಾಯಿಪಾಠ ಮಾಡಿಸಿದ್ದರು. ಎಕ್ಸಾಮಿನಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದರೆ ಅದು ಬೀದಿಯಲ್ಲಿ ನಡೆದಾಡುವುದನ್ನು ನೋಡಿದ್ದು ಶಿರಾದಲ್ಲೇ.

ಆ ಭಾನುವಾರದ ಕಾರ್ಯಕ್ರಮ ಹಿಂದಿಯದು, ಅರ್ಧ ಗಂಟೆ. ಅದರಲ್ಲೊಬ್ಬ ದಪ್ಪ ಹೊಟ್ಟೆಯ ಮಂತ್ರಿ, ಅವನ ಬೆನ್ನಿಗೆ ಒಬ್ಬ ಸಣಕಲು ಪಿ.ಎ. ಮಂತ್ರಿ ಊರೂರಿಗೆ ಹೋಗುತ್ತಾನೆ. ಜನ ಕಷ್ಟ ಹೇಳಿಕೊಂಡರೆ ಕಣ್ಣು ಅರ್ಧ ಮುಚ್ಚಿ, "ಒಳ್ಳೆ ಪ್ರಶ್ನೆ, ಬಹಳ ಒಳ್ಳೆ ಪ್ರಶ್ನೆ, ಬರೆದುಕೋ" ಅನ್ನುತ್ತಾನೆ. ಪಿ.ಎ. ಚೀಟಿಯಲ್ಲಿ ಬರೆದು ಬೆನ್ನ ಮೇಲಿನ ಚೀಲಕ್ಕೆ ಹಾಕುತ್ತಾನೆ. ಉತ್ತರ ಯಾವ ವಾರವೂ ಇಲ್ಲ. ವಾರದಿಂದ ವಾರಕ್ಕೆ ಚೀಲ ಉಬ್ಬುತ್ತದೆ, ಪಿ.ಎ. ಬಾಗುತ್ತಾನೆ, ಮಂತ್ರಿ ಮಾತ್ರ ಹಾಗೇ ನೆಟ್ಟಗೆ. ದಟ್ಸ್ ಆಲ್. ಕಥೆ ಅಷ್ಟೇ.

ಟೀವಿ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನನ್ನ ಹಿಂದಿ ಥರ್ಡ್ ಲ್ಯಾಂಗ್ವೇಜ್ ಹಿಂದಿ, ಪಾಸಾಗುವಷ್ಟು ಮಾತ್ರ. ಪಕ್ಕದ ಮನೆಯ ಚಾಚಿಗೆ ಮನೆಮಾತು ಉರ್ದು. ಆಕೆ ನನ್ನನ್ನು ಮಾತುಮಾತಿಗೂ ತಿದ್ದುತ್ತಿದ್ದರು.

"ಅರೆ ಟೀಚರಮ್ಮ, ಅವ್ನು ಸಾರಿ ಅಂದಿಲ್ಲ. ಅಂದಂಗೆ ಮಾಡ್ದ, ಅಷ್ಟೇ. ತೋಬಾ, ನೀವು ಅವ್ನಿಗೆ ಜಾಸ್ತಿ ಮರ್ಯಾದೆ ಕೊಡ್ತೀರ."

"ಅವ್ನು ಯಾವೂರ ಮಂತ್ರಿನಮ್ಮ?" ಹಾಲಿನ ಅಜ್ಜಿ ಕೇಳಿದಳು.

"ಯಾವ ಊರಿನ ಮಂತ್ರಿಯೂ ಅಲ್ಲ ಅಜ್ಜಿ, ನಾಟಕದವನು. ಆಕ್ಟರ್."

"ಅಂಗಾದ್ರೆ ನಿಜ ಹೇಳ್ತಾನೆ ಬುಡು."

ನಾನು ಕಲಿತಿದ್ದ ಡೆಫಿನಿಷನ್ನಿಗಿಂತ ಇದು ಚಿಕ್ಕದಾಗಿತ್ತು.

ಒಂದು ಭಾನುವಾರ ಕಿಟಕಿ ಸರಳಿನಾಚೆ ಹನುಮಂತ ಬಂದು ನಿಂತ. ಮುಖಕ್ಕೆ ಕೆಂಪು ಬಣ್ಣ, ತಲೆಗೆ ಕಿರೀಟ, ಬಗಲಲ್ಲಿ ಮಡಿಸಿ ಹಿಡಿದ ಬಾಲ. ಪಾವಗಡದ ಕಡೆಯಿಂದ ಬರುವ ಹಗಲುವೇಷದವನು. ಈ ಮನೆತನದವರು ಊರಾಚೆ ಕೆರೆ ಏರಿಯ ಮಗ್ಗುಲಲ್ಲಿ ಗುಡಾರ ಹಾಕಿ ಹದಿನೈದು ಇಪ್ಪತ್ತು ದಿನ ಇರುತ್ತಿದ್ದರು. ದಿನಕ್ಕೊಂದು ವೇಷ ಕಟ್ಟಿ ಮನೆಮನೆಯ ಮುಂದೆ ಬಂದು ಆಡುವುದು. ಆಗ ಏನೂ ಕೇಳುವ ಹಾಗಿಲ್ಲ. ಕೊನೆಯ ದಿನ ಬಣ್ಣವಿಲ್ಲದೆ, ಬಿಳಿ ಪಂಚೆ, ಬಿಳಿ ಜುಬ್ಬ, ಹೆಗಲ ಮೇಲೊಂದು ಶಲ್ಯ, ಕೈಮುಗಿದುಕೊಂಡು ಬರುತ್ತಾರೆ. ಆಗ ಪ್ರತಿ ಮನೆಯವರೂ ಆ ಶಲ್ಯಕ್ಕೆ ಕಾಳು ಸುರಿಯಬೇಕು. ಸುರಿಯುವಾಗ ಯಾವ ವೇಷ ಹಿಡಿಸಿತು ಅಂತ ಹೇಳಬೇಕು. ಅದು ಪದ್ಧತಿ.

ಹನುಮಂತ ಆ ದಿನ ನಮ್ಮ ಬಾಗಿಲಿಗೆ ಬಂದವನು ತನ್ನ ಆಟ ಮರೆತು ಟೀವಿ ನೋಡುತ್ತಿದ್ದ.

"ಒಳಗೆ ಬಾರಯ್ಯ" ಅಂದರು ಯಜಮಾನರು. "ಬಾಲ ಜೋಪಾನ, ಯಾರಾದರೂ ತುಳಿದಾರು."

ಅವನು ಬಂದು ನೆಲದಲ್ಲಿ ಕೂತ. ಮುಂದಿನ ಭಾನುವಾರವೂ ಬಂದ, ಪೊಲೀಸ್ ವೇಷದಲ್ಲಿ. ನಾನು ಕನ್ನಡದಲ್ಲಿ ಹೇಳುವುದನ್ನು ಅವನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನನಗೆ ಸ್ವಲ್ಪ ಇನ್ಸಲ್ಟ್ ಆದ ಹಾಗಾಯಿತು. ಕೇಳಿದೆ.

"ಬಾಸೆ ಯಾಕಮ್ಮಗಾರು? ಆಯಪ್ಪನ ಹೊಟ್ಟೆ ನೋಡ್ರಿ. ಮೊದ್ಲು ಹೊಟ್ಟೆ ಮುಂದಕ್ ಬರ್ತದೆ, ಆಮೇಲೆ ಮಾತು. ಸುಳ್ಳು ಹೇಳೋವಾಗ ಬಲಗಾಲು ಎತ್ತಿ ಎತ್ತಿ ಮಡಗ್ತಾನೆ. ಚಾಲ ಬಾಗಾ ಚೇಸ್ತಾಡು, ಬಲು ಚೆಂದಾಗಿ ಮಾಡ್ತಾನೆ!"

ಹಿಂದಿನ ಮೂರು ವಾರ ನೋಡಿಯೂ ಆ ಬಲಗಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವನಿಗೆ ನನ್ನಿಂದ ಬೇಕಾಗಿದ್ದದ್ದು ಬೇರೆ, ಒಂದು ಅರ್ಜಿ. ಊರ ಹೊರಗಿನ ಜನತಾ ಕಾಲೋನಿಯಲ್ಲಿ ಸೈಟು ಹಂಚುತ್ತಿದ್ದರು. ಅವನ ಹೆಂಡತಿ, ಇನ್ನು ಗುಡಾರ ಹೊತ್ತ ಕತ್ತೆ ಹಿಂದೆ ನಡೆಯುವುದಿಲ್ಲ, ಒಂದು ಕಡೆ ಒಲೆ ಹೂಡಿದರೆ ಅಲ್ಲೇ ಅನ್ನ, ಇಲ್ಲದಿದ್ದರೆ ತವರಿಗೆ ಅಂತ ಹಟ ಹಿಡಿದಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಸ್ಕೂಲಿಗೆ ಸೇರಿಸಲು ಹೋದರೆ ವಿಳಾಸ ಕೇಳಿದರು. ತಾಲ್ಲೂಕು ಆಫೀಸಿನಲ್ಲಿ ಸೈಟು ಕೇಳಿದರೆ ಅಲ್ಲಿಯೂ ಖಾಯಂ ವಿಳಾಸ ಕೇಳಿದರು.

"ಮನೆ ಇದ್ರೆ ಮನೆ ಕೊಡ್ತಾರಂತೆ ಅಮ್ಮಗಾರು" ಅಂದ, ನಗುತ್ತಾ.

ಕೇರ್ ಆಫ್ ಅಂತ ನಮ್ಮ ಮನೆಯ ವಿಳಾಸವನ್ನೇ ಹಾಕಿ ನಾನು ನೀಟಾಗಿ ಅರ್ಜಿ ಬರೆದುಕೊಟ್ಟೆ. ಅವನ ಹೆಸರು ಪಟ್ಟಿಯಲ್ಲಿ ಸೇರಿತು ಅಂತಲೂ ತಿಳಿಯಿತು. ಪಟ್ಟಿಗೆ ಕೊನೆಯ ಮಾತು ಮಾತ್ರ ಊರಿನ ಒಬ್ಬ ದೊಡ್ಡ ಮುಖಂಡರದು. ಆ ಸಲದ ಚುನಾವಣೆಗೆ ನಿಂತಿದ್ದವರೂ ಅವರೇ.

ಚುನಾವಣೆಯ ಜೀಪುಗಳು ಓಡಾಡಲು ಶುರುವಾದ ವಾರ ನಮ್ಮ ಬೀದಿಯ ತುದಿಯಲ್ಲಿ ಟೀವಿ ಮಂತ್ರಿ ಕಾಣಿಸಿಕೊಂಡ. ದಿಂಬು ಕಟ್ಟಿದ ಹೊಟ್ಟೆ, ಬಿಳಿ ಜುಬ್ಬ, ಬೆನ್ನ ಮೇಲೆ ಖಾಲಿ ಗೋಣಿಚೀಲ. ಪಿ.ಎ. ಇಲ್ಲ, ಎರಡೂ ಪಾತ್ರ ಅವನೇ. ಮಂತ್ರಿಯಾಗಿ "ಒಳ್ಳೆ ಪ್ರಶ್ನೆ! ಬರ್ಕೊಳ್ಳಯ್ಯ!" ಅಂದು, ತಟ್ಟನೆ ಎಡಕ್ಕೆ ಹಾರಿ ಪಿ.ಎ. ಆಗಿ ಗಾಳಿಯಲ್ಲಿ ಬರೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಚೀಲ ಖಾಲಿಯೇ. ಆದರೆ ಪ್ರತಿ ಮನೆ ದಾಟಿದಾಗಲೂ ಅವನ ಹೆಗಲು ಒಂದು ಬೆರಳಷ್ಟು ಇಳಿಯುತ್ತಿತ್ತು. ಬೀದಿ ಮುಗಿಯುವ ಹೊತ್ತಿಗೆ ಗೂನಾಗಿದ್ದ.

ಮೊದಲು ಎಲ್ಲರೂ ನಕ್ಕರು. ಆಮೇಲೆ ಆದದ್ದು ನನಗೆ ಇವತ್ತಿಗೂ ಆಶ್ಚರ್ಯ. ಜನ ನಿಜವಾಗಿಯೂ ಹೇಳಿಕೊಳ್ಳಲು ಶುರು ಮಾಡಿದರು.

"ಗೋರಿಸ್ತಾನದ ದಾರೀಲಿ ಲೈಟಿಲ್ಲ. ಸತ್ತೋರಿಗೆ ಬೇಡ, ಹೊತ್ಕೊಂಡ್ ಹೋಗೋರಿಗೆ ಬೇಕಲ್ಲ?" ಚಾಚಿ ಬಾಗಿಲ ಪರದೆ ಸರಿಸಿ ಕೇಳಿದರು. ಗಂಡಸರಿರುವ ಬೀದಿಯಲ್ಲಿ ಆಕೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಒಳ್ಳೆ ಪ್ರಶ್ನೆ! ಬರ್ಕೊಳ್ಳಯ್ಯ!"

ಹಾಲಿನ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಂದಳು. "ಲೇ ಮಂತ್ರಿ, ಮದಲೂರು ಕೆರೆಗೆ ನೀರು ಯಾವಾಗ್ಲಾ ಬತ್ತದೆ? ನನ್ ಮದ್ವೇಲಿ ಕೋಡಿ ಬಿದ್ದಿತ್ತು. ನನ್ ಮೊಮ್ಮಗಳ ಮದ್ವೇಗೆ ಅದ್ರೊಳಗೆ ಕುರಿ ಮಲಗ್ಸಿದ್ವಿ."

"ಬಹಳ ಒಳ್ಳೆ ಪ್ರಶ್ನೆ!" ಬಲಗಾಲು ಎತ್ತಿ ಧಪ್ ಅಂತ ಇಟ್ಟ.

"ಕಾಲು ಇಳ್ಸು, ಸುಳ್ಳು ಗೊತ್ತಾಯ್ತದೆ!"

ಬೀದಿಯೇ ಹೋ ಅಂದಿತು. ನಾನು ಕೊಡೆ ಹಿಡಿದು ತರಕಾರಿ ಚೀಲ ತೂಗಿಸಿಕೊಂಡು ಎರಡು ಬೀದಿ ಅವನ ಹಿಂದೆಯೇ ಹೋದೆ. ಸರ್ಕಾರಿ ನೌಕರಿಯವಳು ಚುನಾವಣೆ ಹೊತ್ತಲ್ಲಿ ಇಂಥದ್ದಕ್ಕೆಲ್ಲ ಹೋಗಬಾರದು, ಅದು ಗೊತ್ತಿತ್ತು, ಐ ನ್ಯೂ. ಯಾರಾದರೂ ಕೇಳಿದರೆ ಹುಣಸೇಹಣ್ಣು ತರಲು ಅನ್ನುವ ಉತ್ತರ ಸಿದ್ಧವಿತ್ತು. ತಾಲ್ಲೂಕು ಆಫೀಸಿನ ಮೆಟ್ಟಿಲಲ್ಲಿ ಬಾಯಿ ಬಿಡದ ಜನ, ದಿಂಬಿನ ಹೊಟ್ಟೆಯವನ ಮುಂದೆ ಯಾಕೆ ಹೀಗೆ ಬಿಚ್ಚಿಕೊಳ್ಳುತ್ತಾರೆ? ನಕ್ಕರೆ ಬಾಯಿ ತೆರೆಯುತ್ತೆ, ತೆರೆದ ಬಾಯಿಂದ ಮಾತೂ ಬರುತ್ತೆ ಅಂತಲೋ? ಅಥವಾ ಇವನು ಏನೂ ಮಾಡುವುದಿಲ್ಲ ಅಂತ ಮೊದಲೇ ಗೊತ್ತಿರುವುದರಿಂದ ನಿರಾಸೆಯ ಭಯವಿಲ್ಲ ಅಂತಲೋ? 

ಐದು ದಿನ ಅದೇ ವೇಷ. ಜನ ಬೇರೆ ವೇಷ ಬೇಡ ಅಂದರಂತೆ. ಆರನೆಯ ದಿನ ಕಾಳು ಕೇಳಲು ಬರುವ ದಿನ.

ಅದೇ ಬೆಳಿಗ್ಗೆ, ಅವನು ಬರುವುದಕ್ಕೂ ಮೊದಲು, ಮುಖಂಡರು ಮತ ಕೇಳಲು ನಮ್ಮ ಬೀದಿಗೆ ಬಂದರು. ಜೀಪು ಬೀದಿಯ ತಿರುವಿನಲ್ಲಿ ಎತ್ತಿನ ಗಾಡಿಗೆ ಸಿಕ್ಕಿ ನಿಂತಿತ್ತು. ಬೆಂಬಲಿಗರು ಗಾಡಿ ಸರಿಸುತ್ತಿದ್ದರು. ಇವರು ತಡೆಯಲಾರದೆ ಒಬ್ಬರೇ ಮುಂದೆ ನಡೆದು ಬಂದುಬಿಟ್ಟರು. ಬಿಳಿ ಪಂಚೆ, ಬಿಳಿ ಜುಬ್ಬ, ಹೆಗಲ ಮೇಲೆ ಶಲ್ಯ, ಮುಗಿದ ಕೈ. ಮೊದಲ ಮನೆ ಹಾಲಿನ ಅಜ್ಜಿಯದು.

ಅಜ್ಜಿ ಒಳಗೆ ಹೋಗಿ ಮೊರದ ತುಂಬ ರಾಗಿ ತಂದಳು. ಅವರಿಗೆ ಏನಾಗುತ್ತಿದೆ ಅಂತ ತಿಳಿಯುವ ಮೊದಲೇ ಶಲ್ಯದ ತುದಿ ಎಳೆದು ಅವರ ಕೈಗೇ ಹಿಡಿಸಿ ಸುರಿದಳು.

"ಬಲು ಚೆಂದಾಗಿತ್ತು ಕಣಪ್ಪ ನಿನ್ ವೇಸ. ಆ ಕಳ್ಳ ಮಂತ್ರೀನ ಹಂಗೇ ಇಳ್ಸಿಬುಟ್ಟೆ." ಆಮೇಲೆ ಕಣ್ಣು ಕಿರಿದು ಮಾಡಿ ಅವರ ಹೊಟ್ಟೆಗೆ ಬೆರಳಲ್ಲಿ ತಿವಿದಳು. "ಅಯ್, ಇವತ್ತೂ ದಿಂಬು ಕಟ್ಕೊಂಡೇ ಬಂದಿದೀಯಲ್ಲೋ! ಬಿಚ್ಚಿ ಮಡಗ್ಬಾರ್ದಾ, ಸೆಕೆ!"

ನಾನು ನಮ್ಮ ಬಾಗಿಲಲ್ಲೇ ಇದ್ದೆ.  ಮೊದಲು ಚಾಚಿ ಪರದೆಯ ಹಿಂದೆ ನಕ್ಕರು, ಅಷ್ಟೇ. ಇಡೀ ಬೀದಿ ಕಟ್ಟೆ ಒಡೆದ ಹಾಗೆ ನಕ್ಕಿತು. ಬೆಂಬಲಿಗರು ಓಡಿಬಂದು ನೋಡಿದರೆ ತಮ್ಮ ಮುಖಂಡರು ಶಲ್ಯದಲ್ಲಿ ರಾಗಿ ಹಿಡಿದು ನಿಂತಿದ್ದಾರೆ.

 ಅವರು ರಾಗಿಯನ್ನು ಚೆಲ್ಲಲಿಲ್ಲ. ಹಾಗೇ ಹಿಡಿದುಕೊಂಡು ಜೀಪು ಹತ್ತಿದರು.

ಮಧ್ಯಾಹ್ನಕ್ಕೆ ಬೆಂಬಲಿಗರು ಕೆರೆ ಏರಿಗೆ ಹೋಗಿ ಗುಡಾರದ ಹಗ್ಗ ಬಿಚ್ಚಿಸಿದರು. ಪಟ್ಟಿಯಲ್ಲಿ ನಿನ್ನ ಹೆಸರಿಗೆ ಗೀಟು ಬಿತ್ತು ಅಂತ ತಿಳಿಸಿದರು. ಸಾಯಂಕಾಲ ಅವನು ನಮ್ಮ ಜಗುಲಿಗೆ ಬಂದ. ಬಣ್ಣವಿಲ್ಲದ ಅವನ ಮುಖ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾನಂದುಕೊಂಡಿದ್ದಕ್ಕಿಂತ ವಯಸ್ಸಾಗಿತ್ತು.

"ನಾನು ಆಯಪ್ಪನ ಮೇಲೆ ಹಾಕಿದ ವೇಸ ಅಲ್ಲಮ್ಮಗಾರು. ಟೀವಿ ಮೇಲೆ ಹಾಕಿದ್ದು. ನೀವೊಂದು ಮಾತು ಹೇಳ್ರಿ."

ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನೀನು ಗೌರ್ಮೆಂಟ್ ಸರ್ವೆಂಟ್, ಮೈಂಡ್ ಇಟ್" ಅಂದರು. ಆಮೇಲೆ ಪೇಪರ್ ಮಡಿಸಿಟ್ಟು, "ಅವರ ಸೀಮೆಹಸು ನಾನೇ ನೋಡೋದು. ನಡಿ, ನಾನೂ ಬರ್ತೀನಿ" ಅಂತ ಚಪ್ಪಲಿ ಮೆಟ್ಟಿದರು.

ಮುಖಂಡರು ತಮ್ಮ ಮನೆಯ ಹಜಾರದಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಹಿಂದಿ ನಾಟಕವನ್ನು ಕನ್ನಡ ಮಾಡಿ ಹೇಳಿದವಳು ನಾನು, ತಪ್ಪಿದ್ದರೆ ನನ್ನದು ಅಂದೆ. ಅವರು ನನ್ನನ್ನು ಬಿಟ್ಟು ನನ್ನ ಹಿಂದೆ ನಿಂತವನನ್ನೇ ನೋಡುತ್ತಿದ್ದರು.

"ಅದೇನ್ ಮಾಡ್ದೆಯೋ, ನಂಗೂ ಮಾಡಿ ತೋರ್ಸು."

"ಬ್ಯಾಡ ಸಾಮಿ."

"ಮಾಡು ಅಂದೆ ಕಣ್ಲಾ."

ದಿಂಬಿಲ್ಲ, ಚೀಲವಿಲ್ಲ. ಅವನು ಸುಮ್ಮನೆ ಉಸಿರು ತುಂಬಿಕೊಂಡ. ಹೊಟ್ಟೆ ಮುಂದಕ್ಕೆ ಬಂತು. ನಮ್ಮ ಬೀದಿಯ ಮೊದಲ ಮನೆಯಿಂದ ಶುರು ಮಾಡಿ ಅಜ್ಜಿಯ ದನಿ, ಚಾಚಿಯ ದನಿ, ಆಚೆ ಬೀದಿಯ ಗಾಣದವನ ದನಿ, ಒಬ್ಬೊಬ್ಬರೂ ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತಾ ಹೋದ. ಬರೆದಿಟ್ಟ ಚೀಟಿ ಒಂದೂ ಇರಲಿಲ್ಲ, ಎಲ್ಲವೂ ಬಾಯಲ್ಲೇ. ಕೊಳಾಯಿ, ಸೂಲಗಿತ್ತಿ, ನಿಲ್ಲಿಸದ ಬಸ್ಸು, ಗೋರಿಸ್ತಾನದ ಕತ್ತಲೆ, ಮದಲೂರು ಕೆರೆ. ಮುಖಂಡರು ಮೊದಮೊದಲು ನಗುತ್ತಿದ್ದರು. ಆಮೇಲೆ ನಗು ನಿಂತಿತು. 

"ಇಪ್ಪತ್ ಜನ ಓಡಾಡ್ತಾರೆ ನನ್ ಹಿಂದೆ. ಒಬ್ನೂ ಇದನ್ನ ನಂಗೆ ಹೇಳಿಲ್ಲ" ಅಂದರು. ಆಮೇಲೆ ದನಿ ಬದಲಾಯಿತು. "ನಾಳೆ ಸಂತೆ. ನನ್ ಜೀಪ್ ಹತ್ತು. ಅದೇ ವೇಷ. ಆದ್ರೆ ಟೋಪಿ, ಮಾತು, ನಡಿಗೆ ಎಲ್ಲಾ ಎದುರು ಪಾರ್ಟಿಯೋನ್ದು. ಸೈಟಿನ ಹಕ್ಕುಪತ್ರ ನಾನು ಕೊಡಿಸ್ತೀನಿ."

ಹೊರಗೆ ಬಂದ ಮೇಲೆ ಅವನು ತಲೆ ತಗ್ಗಿಸಿ ನಡೆದ. ಹಗಲುವೇಷದವರಲ್ಲಿ ಒಂದು ಕಟ್ಟಳೆಯಿದೆಯಂತೆ. ರಾವಣನ ವೇಷ ಹಾಕಬಹುದು, ಪೊಲೀಸಿನವನ ವೇಷ ಹಾಕಬಹುದು, ಇಂಥ ಊರಿನ ಇಂಥವನೇ ಅಂತ ಬೆರಳು ತೋರಿಸಿ ವೇಷ ಹಾಕುವ ಹಾಗಿಲ್ಲ. ಹಾಕಿದವನಿಗೆ ಆಮೇಲೆ ಯಾವ ಮನೆಯೂ ಕಾಳು ಕೊಡುವುದಿಲ್ಲ.

ಹಾಕಬೇಡ ಅನ್ನಬೇಕು ಅಂತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ತತ್ವಕ್ಕೆ ಪ್ರಿನ್ಸಿಪಲ್ ಅನ್ನುವ ಇಂಗ್ಲಿಷ್ ಪದವೂ ಬಂದಿತ್ತು. ಆದರೆ ನಾನು ಹೋಗುತ್ತಿದ್ದದ್ದು ಹೆಂಚಿನ ಮನೆಗೆ, ಅವನು ಹೋಗುತ್ತಿದ್ದದ್ದು ಹಗ್ಗ ಬಿಚ್ಚಿದ ಗುಡಾರಕ್ಕೆ. 

ಮರುದಿನ ಸಂತೆಯಲ್ಲಿ ಅವನು ಜೀಪಿನ ಮೇಲಿದ್ದ. ಎದುರು ಪಾರ್ಟಿಯ ಅಭ್ಯರ್ಥಿಯ ಟೋಪಿ, ಅವರದೇ ಉಗ್ಗು, ಅವರದೇ ಕೈ ಬೀಸುವ ರೀತಿ. ಆಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಜನ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ಆದರೆ ಚೀಲ ಮುಂದೆ ಚಾಚಿ "ಕೇಳ್ರಪ್ಪ, ಪ್ರಶ್ನೆ ಕೇಳ್ರಿ" ಅಂದಾಗ ಯಾರೂ ಮುಂದೆ ಬರಲಿಲ್ಲ. ಅವನು ಮೂರು ಸಲ ಕೇಳಿದ. ಮೆಣಸಿನಕಾಯಿ ರಾಶಿಯ ಪಕ್ಕ ಹಾಲಿನ ಅಜ್ಜಿ ನಿಂತಿದ್ದಳು. ಅವಳ ಕಡೆ ನೋಡಿಯೇ ಕೇಳಿದ. ಅವಳು ಸೆರಗು ಹೊದ್ದುಕೊಂಡು ನನ್ನ ಕಡೆ ತಿರುಗಿದಳು.

"ನಡಿಯಮ್ಮ ಹೋಗಣ. ವೇಸಕ್ಕೂ ಪಾರ್ಟಿ ಬಂದ್ಬುಡ್ತು."

ಮುಖಂಡರು ಗೆದ್ದರು. ಮಾತಿಗೂ ತಪ್ಪಲಿಲ್ಲ, ಅದನ್ನು ಹೇಳಬೇಕು. ಕೊಳಾಯಿಯೂ ಗೋರಿಸ್ತಾನದ ದೀಪವೂ ಬಂದವು, ಮದಲೂರಿಗೆ ನೀರು ಬರಲಿಲ್ಲ. ಹಕ್ಕುಪತ್ರ ಬಂದ ದಿನ ಅವನ ಹೆಂಡತಿ ನಮ್ಮ ಮನೆಗೆ ಬೆಲ್ಲ ತಂದುಕೊಟ್ಟು, ಪತ್ರ ತೋರಿಸಿ, ಇಂಗ್ಲಿಷಿನಲ್ಲೂ ಒಂದು ಸಲ ಓದಿ ಅಂದಳು. ಅದು ಕನ್ನಡದಲ್ಲೇ ಇತ್ತು. ಇಂಗ್ಲಿಷ್ ಮಾಡಿ ಓದಿದೆ. ಅವನು ಬರಲಿಲ್ಲ. ವೇಷ ಬಿಟ್ಟು ಹಳೇ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಕ್ಕೆ ಇಳಿದ ಅಂತ ಆಕೆಯೇ ಹೇಳಿದ್ದು. ಮಕ್ಕಳು ಸ್ಕೂಲಿಗೆ ಸೇರಿದ್ದರು.

ಆಮೇಲೆ ಯಜಮಾನರಿಗೆ ಮಧುಗಿರಿಗೆ ವರ್ಗವಾಯಿತು, ನನಗೆ ಕೊರಟಗೆರೆಗೆ. ಮುಂದಿನ ಚುನಾವಣೆಗೆ ನನಗೆ ಬಂದ ಡ್ಯೂಟಿ ಆರ್ಡರಿನಲ್ಲಿ ಶಿರಾ ಎಂದಿತ್ತು, ಅದೂ ಜನತಾ ಕಾಲೋನಿಯ ಶಾಲೆಯ ಮತಗಟ್ಟೆ. ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ.

ಹತ್ತು ಗಂಟೆಯ ಸುಮಾರಿಗೆ ಪಕ್ಕದವರು ಒಂದು ಹೆಸರು, ಅಪ್ಪನ ಹೆಸರು, ಮನೆ ನಂಬರು ಓದಿದರು. ತಲೆ ಎತ್ತಿದೆ. ಅವನೇ. ಗಡ್ಡ ಕ್ಷೌರ ಮಾಡಿಸಿ, ಒಗೆದ ಷರಟು ತೊಟ್ಟಿದ್ದ. ಮನೆ ನಂಬರು ಓದಿದಾಗ ತಾನೂ ಅದನ್ನು ಮೆಲ್ಲಗೆ ಹೇಳಿಕೊಂಡ. ನನ್ನ ಗುರುತು ಸಿಕ್ಕಿತು, ಆದರೆ ಮತಗಟ್ಟೆಯಲ್ಲಿ ಏನು ಮಾತಾಡುವುದು? ಕೇಳಲು ನನ್ನಲ್ಲಿ ಎಷ್ಟೋ ಇತ್ತು.

"ಎಡಗೈ" ಅಂದೆ.

ಬೆರಳು ಚಾಚಿದ. ಹಚ್ಚಿದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಎಷ್ಟು ದಿನ ಇರ್ತದಮ್ಮಗಾರು?"

"ಒಂದು ತಿಂಗಳಾದರೂ ಇರತ್ತೆ."

"ನಮ್ ಬಣ್ಣ ಸಾಯಂಕಾಲ ತೊಳ್ದ್ರೆ ಹೋಗ್ತಿತ್ತು" ಅಂದು, ಮತಪತ್ರ ಹಿಡಿದು ರಟ್ಟಿನ ಮರೆಗೆ ಹೋದ.

ಬಹಳ ಹೊತ್ತು ಹೊರಗೆ ಬರಲಿಲ್ಲ. ಮರೆಯ ಕೆಳಗೆ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು, ಅಲ್ಲಾಡದೆ. ಪ್ರಿಸೈಡಿಂಗ್ ಆಫೀಸರು ಎರಡು ಸಲ ಕೆಮ್ಮಿದರು. ಕೊನೆಗೆ ಠಸ್ಸೆ ಒತ್ತಿದ ಸದ್ದಾಯಿತು. ಬಂದು, ಮಡಿಸಿದ ಕಾಗದವನ್ನು ಪೆಟ್ಟಿಗೆಯೊಳಗೆ ಜಾರಿಸಿ, ನನ್ನ ಕಡೆ ನೋಡದೆ ಹೊರಗೆ ನಡೆದ. ಹೆಂಗಸರ ಸಾಲಿನಲ್ಲಿ ಹೆಂಡತಿ ನಿಂತಿದ್ದಳು. ಅವಳ ಹತ್ತಿರ ಹೋಗಿ ಯಾವ ಕೈ ಚಾಚಬೇಕು ಅಂತ ತೋರಿಸಿಕೊಟ್ಟ.

ಯಾರಿಗೆ ಹಾಕಿದನೋ! ಹೊರಗಿಟ್ಟಿದ್ದ ಪಾತ್ರೆಯ ಬುಟ್ಟಿ ತಲೆಗೇರಿಸಿಕೊಂಡು ಕಾಲೋನಿಯ ಒಳಗೆ ತಿರುಗಿದ್ದಷ್ಟು ಕಿಟಕಿಯಿಂದ ಕಾಣಿಸಿತು. ಅವನನ್ನು ನಾನು ನೋಡಿದ್ದು ಅದೇ ಕೊನೆ.